ಹುಲಿ ನಿನಗೆ, ಕುರಿ ನನಗೆ: ಅಕ್ಕ ಅಣ್ಣಂದಿರು ಕಲಿಸಿದ ಯುದ್ಧದಾಟಗಳು

(ಮಕ್ಕಳ ಬೇಸಿಗೆ ಶಿಬಿರವೊಂದರ ಆರಂಭದ ದಿನ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ ‘ನಮ್ಮ ಸಾಂಪ್ರದಾಯಿಕ ಆಟಗಳು’ ಎಂದಿತ್ತು. ಅದು ಬಹಳ ವಿಸ್ತಾರವಾದ ವಿಷಯ. ಅವರ ಒಪ್ಪಿಗೆ ಪಡೆದು ಅದನ್ನು ಕಿರಿದು ಮಾಡಿಕೊಂಡಿದ್ದೇನೆ. ನೆಲದ ಮೇಲೋ ಮಣೆಯ ಮೇಲೋ ಗೆರೆ ಎಳೆದು, ಎರಡು ಪಡೆಗಳನ್ನು ಎದುರುಬದುರು ನಿಲ್ಲಿಸಿ, ಸುತ್ತುವರಿದು, ಹೊಡೆದು, ದಾರಿ ಕಟ್ಟಿ ಗೆಲ್ಲುವ ಆಟಗಳಿವೆಯಲ್ಲ, ಯುದ್ಧದ ನೆರಳು ಬಿದ್ದಿರುವ ಆಟಗಳು, ಅವುಗಳನ್ನು ಕುರಿತು ಮಾತ್ರ ಮಾತನಾಡುತ್ತೇನೆ. ಅದರಲ್ಲೂ ಮುಖ್ಯವಾಗಿ, ಅವುಗಳನ್ನು ಒಂದು ಮಗುವಿಗೆ ಕಲಿಸುವವರು ಯಾರು ಎಂಬುದನ್ನು ಕುರಿತು.

ಅಜ್ಜ ಅಜ್ಜಿಯರು ಕಲಿಸುತ್ತಿದ್ದರು ಎಂದು ನಾವು ವಾಡಿಕೆಯಾಗಿ ಹೇಳಿಬಿಡುತ್ತೇವೆ. ನನ್ನ ಅನುಭವ ಹಾಗಿಲ್ಲ. ಅಜ್ಜಿ ಕಥೆ ಹೇಳಿದರು, ಹಾಡು ಹೇಳಿಕೊಟ್ಟರು. ಆಟ ಕಲಿಸಿದವರು ಅಕ್ಕ ಮತ್ತು ಅಣ್ಣ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಅಣ್ಣ ಅವಳಿಗಿಂತಲೂ ದೊಡ್ಡವನು. ನನ್ನ ವಯಸ್ಸಿನವರನ್ನು ಯಾರನ್ನೇ ಕೇಳಿದರೂ ಬಹುಪಾಲು ಇದೇ ಉತ್ತರ ಬರುತ್ತದೆ: ‘ನಮ್ಮ ದೊಡ್ಡಕ್ಕ ಕಲಿಸಿದಳು’, ‘ಚಿಕ್ಕಪ್ಪನ ಮಗ ರಜೆಗೆ ಬಂದಾಗ ಹೇಳಿಕೊಟ್ಟ’. ಆಟ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ನೇರವಾಗಿ ಜಿಗಿಯುವುದಿಲ್ಲ. ಹದಿನಾಲ್ಕು ವರ್ಷದವರಿಂದ ಏಳು ವರ್ಷದವರಿಗೆ, ಆ ಏಳು ವರ್ಷದವರು ಹದಿನಾಲ್ಕಾದಾಗ ಮತ್ತೊಬ್ಬ ಏಳು ವರ್ಷದವರಿಗೆ, ಹೀಗೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸಾಗುತ್ತದೆ. ಹಾಗೆ ಸಾಗುವುದಕ್ಕೆ ನಮ್ಮ ಹಿಂದಿನವರು ಒಂದು ಬಹಳ ಜಾಣತನದ ಏರ್ಪಾಟು ಮಾಡಿದ್ದಾರೆ. ಎರಡು ಬದಿಯೂ ಸಮನಾಗಿಲ್ಲದ ಆಟವನ್ನು ಕಟ್ಟಿದ್ದಾರೆ. ವಯಸ್ಸಿನಲ್ಲಿ, ಬುದ್ಧಿಯಲ್ಲಿ, ತಾಳ್ಮೆಯಲ್ಲಿ ಸಮನಲ್ಲದ ಇಬ್ಬರನ್ನು ಒಂದೇ ಮಣೆಯ ಮುಂದೆ ಕೂರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಇನ್ನೂ ಕಂಡಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಮ್ಮ ಮನೆ ಇದ್ದದ್ದು ಹಾಸನ ಜಿಲ್ಲೆಯ ಅರಕಲಗೂಡಿನ ಕಡೆಯ ಒಂದು ಹಳ್ಳಿಯಲ್ಲಿ. ಮನೆಯ ಮುಂದೆ ಕಲ್ಲುಚಪ್ಪಡಿಯ ಉದ್ದನೆಯ ಜಗಲಿ. ಬೇಸಿಗೆಯ ಮಧ್ಯಾಹ್ನ ಊಟ ಮುಗಿಸಿ ದೊಡ್ಡವರು ಅಡ್ಡಾದರೆ ನಾಲ್ಕು ಗಂಟೆಯವರೆಗೆ ಯಾರೂ ಸದ್ದು ಮಾಡುವಂತಿರಲಿಲ್ಲ. ಅಕ್ಕ ಒಲೆಯಲ್ಲಿ ಆರಿದ ಒಂದು ಇದ್ದಿಲನ್ನು ತಂದು ಚಪ್ಪಡಿಯ ಮೇಲೆ ಗೆರೆ ಎಳೆಯುತ್ತಿದ್ದಳು. ಮೇಲೊಂದು ತುದಿ, ಅಲ್ಲಿಂದ ಕೆಳಕ್ಕೆ ಅಗಲವಾಗುತ್ತ ಇಳಿಯುವ ನಾಲ್ಕು ಗೆರೆಗಳು, ಅವುಗಳ ಬುಡವನ್ನು ಕೂಡಿಸುವ ಒಂದು ಅಡ್ಡಗೆರೆ. ಅಲ್ಲಿಗೆ ತ್ರಿಕೋನವಾಯಿತು. ಅದರ ನಡುವೆ ಇನ್ನೂ ಮೂರು ಅಡ್ಡಗೆರೆಗಳು, ತ್ರಿಕೋನವನ್ನು ದಾಟಿ ಎಡಕ್ಕೂ ಬಲಕ್ಕೂ ಚಾಚಿಕೊಂಡಂತೆ. ಆ ಚಾಚಿದ ತುದಿಗಳನ್ನು ಎರಡೂ ಬದಿಯಲ್ಲಿ ಒಂದೊಂದು ನೇರ ಗೆರೆಯಿಂದ ಸೇರಿಸಿದರೆ ಹುಲಿ–ಕುರಿ ಆಟದ ಅಂಕಣ ಸಿದ್ಧ.

ಗೆರೆಗಳು ಕೂಡುವ ಒಂದೊಂದು ಜಾಗವೂ ಒಂದೊಂದು ಮನೆ. ತುದಿಯಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ತಲಾ 6, ಬುಡದ ಗೆರೆಯಲ್ಲಿ 4. ಒಟ್ಟು 23 ಮನೆಗಳು. ಅಂಕಣವನ್ನು ನೋಡದೆ ಬರೆಯಲು ಬರುವವರೆಗೆ ಅಕ್ಕ ನನಗೆ ಕಾಯಿ ಮುಟ್ಟಲು ಬಿಡಲಿಲ್ಲ. ಆಗ ಅದು ಅತಿಯಾದ ಶಿಸ್ತು ಎನಿಸಿತ್ತು. ಅಂಕಣ ಬರೆಯಲು ಬರುವವರು ಯಾವ ಊರಿಗೆ ಹೋದರೂ, ಕೈಯಲ್ಲಿ ಒಂದು ಚೂರು ಸೀಮೆಸುಣ್ಣ ಇದ್ದರೂ ಆಡಬಲ್ಲರು. ಕೊಂಡ ಆಟ ಕಳೆದುಹೋದರೆ ಹೋಯಿತು. ಬರೆಯಲು ಬರುವ ಆಟ ಕಳೆದುಹೋಗುವುದಿಲ್ಲ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥ ಅಂಕಣಗಳನ್ನು ಕೆತ್ತಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡಿಲ್ಲದವರು ಮುಂದಿನ ಸಲ ಹೋದಾಗ ಕಂಬಗಳ ಮೇಲಿನ ಶಿಲ್ಪವನ್ನು ನೋಡಿದ ಮೇಲೆ ಒಮ್ಮೆ ನೆಲವನ್ನೂ ನೋಡಿ. ಅಲ್ಲಿ ಕುಳಿತು ಯಾರೋ ಯಾರಿಗೋ ಕಲಿಸಿದ್ದಾರೆ.

ಕಾಯಿಗಳ ವಿಷಯ. ಹುಲಿಗೆ ಮೂರು ಗಜ್ಜುಗ, ಕುರಿಗೆ ಹದಿನೈದು ಹುಣಸೆಬೀಜ. ಹುಲಿಗಳು ಆಟದ ಆರಂಭದಲ್ಲೇ ಅಂಕಣದಲ್ಲಿ ಇರುತ್ತವೆ: ಒಂದು ತುದಿಯಲ್ಲಿ, ಎರಡು ಅದರ ಕೆಳಗಿನ ಅಡ್ಡಗೆರೆಯ ನಟ್ಟನಡುವಿನ ಎರಡು ಮನೆಗಳಲ್ಲಿ. ಕುರಿಗಳು ಒಂದು ಸರದಿಗೆ ಒಂದರಂತೆ ಬಂದು ಕೂರುತ್ತವೆ. ಹದಿನೈದೂ ಬಂದು ಕೂರುವವರೆಗೆ ಯಾವ ಕುರಿಯೂ ಕದಲುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ಓಡಾಡಬಹುದು. ಪಕ್ಕದ ಮನೆಯಲ್ಲಿ ಕುರಿ ಇದ್ದು, ಅದೇ ಗೆರೆಯಲ್ಲಿ ಅದರ ಹಿಂದಿನ ಮನೆ ಖಾಲಿ ಇದ್ದರೆ, ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿ ಹುಲಿಯನ್ನು ಕೊಲ್ಲಲಾರದು. ಅದಕ್ಕಿರುವ ದಾರಿ ಒಂದೇ, ಎಲ್ಲ ಸೇರಿ ಮೂರೂ ಹುಲಿಗಳು ಅಲುಗಾಡದಂತೆ ಕಟ್ಟಿಹಾಕುವುದು. ನಮ್ಮ ಮನೆಯಲ್ಲಿ ಐದು ಕುರಿ ಹೋದರೆ ಹುಲಿ ಗೆದ್ದಂತೆ. ಬೇರೆ ಊರುಗಳಲ್ಲಿ ಲೆಕ್ಕ ಬೇರೆ ಇರುತ್ತದೆ. ತಮಿಳರ ಆಡು ಪುಲಿ ಆಟ್ಟಂ, ತೆಲುಗರ ಪುಲಿ ಮೇಕ ಇದೇ ಮನೆತನದ ಆಟಗಳು. ನೇಪಾಳದ ಬಾಘ್ ಚಾಲ್‌ನಲ್ಲಿ ಅಂಕಣ ಚೌಕಾಕಾರ, 25 ಮನೆ, 4 ಹುಲಿ, 20 ಮೇಕೆ.

‘ಹುಲಿ ನಿನಗೆ, ಕುರಿ ನನಗೆ’ ಎಂದಳು ಅಕ್ಕ ಮೊದಲನೆಯ ದಿನ.

ಈ ಒಂದು ಮಾತಿನಲ್ಲಿ ಎಷ್ಟು ದೊಡ್ಡ ಬೋಧನಕ್ರಮ ಅಡಗಿದೆ ಎಂಬುದನ್ನು ನಾನು ಶಿಕ್ಷಕಿಯಾದ ಮೇಲೆ ಬಹಳ ಸಲ ಯೋಚಿಸಿದ್ದೇನೆ. ಹುಲಿಯನ್ನು ಆಡಿಸುವುದು ಸುಲಭ. ಮೂರೇ ಕಾಯಿ, ಮೊದಲಿನಿಂದಲೇ ಚಲನೆ, ಎದುರಿಗೆ ಖಾಲಿ ಮನೆ ಕಂಡರೆ ಹಾರಿಬಿಡಬಹುದು. ಏಳು ವರ್ಷದ ಮಗುವಿಗೆ ಬೇಕಾದದ್ದು ಅದೇ, ಮೊದಲ ಹತ್ತು ನಿಮಿಷದಲ್ಲಿ ಏನಾದರೊಂದು ಸಿಗಬೇಕು. ಕುರಿಯನ್ನು ಆಡಿಸುವುದು ಕಷ್ಟ. ಹದಿನೈದು ಕಾಯಿಗಳನ್ನು ಒಟ್ಟಾಗಿ ಕಾಣಬೇಕು, ಇನ್ನೂ ಬಾರದ ಕುರಿ ಎಲ್ಲಿ ಕೂರಬೇಕೆಂದು ಈಗಲೇ ತಿಳಿದಿರಬೇಕು, ಒಂದನ್ನು ಕಳೆದುಕೊಂಡರೂ ಎದೆಗೆಡಬಾರದು. ಆ ಭಾರವನ್ನು ದೊಡ್ಡವಳು ಹೊತ್ತುಕೊಂಡು, ಹಗುರವಾದದ್ದನ್ನು ಚಿಕ್ಕವಳಿಗೆ ಕೊಟ್ಟಳು. ಚಿಕ್ಕವಳಿಗೆ ಕೊಟ್ಟದ್ದು ನೋಡಲು ದೊಡ್ಡ ಪಾತ್ರ, ಹುಲಿ! ಹಾಗಾಗಿ ತನ್ನನ್ನು ಸಣ್ಣವಳೆಂದು ನೋಡುತ್ತಿದ್ದಾರೆ ಎಂಬ ನೋವು ನನಗೆ ಆಗಲೇ ಇಲ್ಲ.

ಅಕ್ಕ ಬೇಕೆಂದೇ ಸೋಲುತ್ತಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮಕ್ಕಳಿಗೆ ಸೋತು ಕೊಡುವುದು ಪ್ರೀತಿ ಎಂದು ಬಹಳ ಜನ ತಿಳಿದಿದ್ದಾರೆ. ಮಕ್ಕಳಿಗೆ ಅದು ಗೊತ್ತಾಗುತ್ತದೆ, ಗೊತ್ತಾದಾಗ ಗೆದ್ದದ್ದೂ ಸಪ್ಪೆಯಾಗುತ್ತದೆ. ನನಗೆ ತೀರ ಕಷ್ಟವಾಗುತ್ತಿದೆ ಎಂದು ಕಂಡಾಗ ಅಕ್ಕ ಒಂದು ಹುಣಸೆಬೀಜವನ್ನು ತೆಗೆದು ಪಕ್ಕಕ್ಕಿಟ್ಟು, ‘ಈ ಸಲ ಹದಿನಾಲ್ಕೇ ಕುರಿ’ ಎನ್ನುತ್ತಿದ್ದಳು. ಆಮೇಲೆ ಅಷ್ಟರಲ್ಲೇ ಪೂರ್ತಿ ಮನಸ್ಸಿಟ್ಟು ಆಡುತ್ತಿದ್ದಳು. ಬಲ ತಗ್ಗಿಸಿಕೊಂಡು ನಿಜವಾಗಿ ಆಡುವುದು ಬೇರೆ, ಪೂರ್ತಿ ಬಲವಿಟ್ಟುಕೊಂಡು ಸುಳ್ಳಾಗಿ ಸೋಲುವುದು ಬೇರೆ. ಮೊದಲನೆಯದರಲ್ಲಿ ಎದುರಾಳಿಗೆ ಗೌರವವಿದೆ.

ಕೆಲವು ವಾರಗಳಾದ ಮೇಲೆ ಅವಳು ಆಟ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದಳು: ‘ಪುಟ್ಟಿ, ಹುಲಿ ಏನು ಮಾಡಿದರೂ ಕುರಿಯನ್ನು ತಿನ್ನಲಾಗದ ಮನೆಗಳು ಯಾವುವು, ಹುಡುಕು.’ ಉತ್ತರ ಹೇಳದೆ ಒಳಗೆ ಹೋಗಿಬಿಟ್ಟಳು. ನೀವೂ ಯೋಚಿಸಿ. ಹುಲಿ ಹಾರಬೇಕಾದರೆ ಕುರಿಯ ಆಚೆಗೂ ಗೆರೆ ಮುಂದುವರಿಯಬೇಕು. ಗೆರೆಗಳೆಲ್ಲ ಮುಗಿಯುವ ಮನೆಯಲ್ಲಿ ಕುರಿ ಕೂತರೆ ಅದರ ಮೇಲಿಂದ ಹಾರಿ ಇಳಿಯಲು ಜಾಗವೇ ಇಲ್ಲ. ಹುಲಿ ಕೂತಿರುವ ತುದಿಯನ್ನು ಬಿಟ್ಟರೆ ಅಂಥ ಮನೆಗಳು ಆರು: ಎಡಬದಿಯ ಗೆರೆಯ ಮೇಲಿನ ಮತ್ತು ಕೆಳಗಿನ ಮೂಲೆ, ಬಲಬದಿಯಲ್ಲೂ ಹಾಗೆಯೇ ಎರಡು, ತ್ರಿಕೋನದ ಬುಡದ ಎರಡು ಮೂಲೆ. ಬದಿಯ ಗೆರೆಯ ನಡುಮನೆ ನೋಡಲು ಅಂಚಿನಲ್ಲೇ ಇದ್ದರೂ ಕ್ಷೇಮವಲ್ಲ. ಅಲ್ಲಿ ಮೇಲಿನಿಂದ ಕೆಳಕ್ಕೆ ಹಾರಬಹುದು. ಬುಡದ ಗೆರೆಯ ನಡುವಿನ ಎರಡು ಮನೆಗಳೂ ಹಾಗೆಯೇ. ಈ ಆರನ್ನು ನಾನೇ ಹುಡುಕಿದಾಗ ಆದ ಹಿಗ್ಗು ಶಾಲೆಯ ಯಾವ ಲೆಕ್ಕದಲ್ಲೂ ಆಗಿರಲಿಲ್ಲ. ‘ಸರಿ, ಇನ್ನು ಕುರಿ ನಿನಗೆ’ ಎಂದಳು ಅಕ್ಕ.

ಮೊದಲ ಆರು ಕುರಿಗಳನ್ನು ಆ ಆರು ಮನೆಗಳಲ್ಲಿ ಕೂರಿಸಿದೆ. ಅವು ಕ್ಷೇಮವಾಗಿದ್ದವು. ಉಳಿದ ಒಂಬತ್ತು ಬಂದಾಗ ನಡುವೆ ಎಲ್ಲೆಲ್ಲೂ ಹುಲಿಗಳೇ. ಆಗ ಅಕ್ಕ ಎರಡನೆಯ ಲೆಕ್ಕ ತೋರಿಸಿದಳು. ಮೂಲೆಗೆ ಬಂದ ಹುಲಿಗೆ ಹೊರಹೋಗಲು ಎರಡೇ ದಾರಿ. ಆ ಎರಡು ಮನೆಯಲ್ಲಿ ಎರಡು ಕುರಿ, ಅವುಗಳ ಬೆನ್ನಿಗೆ ಇನ್ನೆರಡು. ಒಟ್ಟು ನಾಲ್ಕು ಕುರಿ ಸೇರಿದರೆ ಆ ಹುಲಿ ಮುಗಿಯಿತು. ಅದೇ ಹುಲಿ ತುದಿಯಲ್ಲಿದ್ದರೆ ನಾಲ್ಕು ದಾರಿ, ಎಂಟು ಕುರಿ ಬೇಕು. ನಟ್ಟನಡುವೆ ಇದ್ದರೂ ಎಂಟು. ಮೂರು ಹುಲಿಗಳನ್ನೂ ಮೂಲೆಗೆ ತಳ್ಳಿದರೆ ಹೆಚ್ಚೆಂದರೆ ಹನ್ನೆರಡು ಕುರಿ ಸಾಕು, ಅಂದರೆ ಮೂರು ಕುರಿಗಳನ್ನು ಕಳೆದುಕೊಂಡೂ ಗೆಲ್ಲಬಹುದು. ಕುರಿಗೆ ಕೋಟೆಯಾದ ಮೂಲೆಯೇ ಹುಲಿಗೆ ಸೆರೆಮನೆ. ಹಾಗಿರುವಾಗ ಮೂಲೆಗಳನ್ನೆಲ್ಲ ನಮ್ಮ ಕುರಿಗಳೇ ತುಂಬಿಕೊಂಡರೆ ಹುಲಿಯನ್ನು ತಳ್ಳುವುದು ಎಲ್ಲಿಗೆ? ಎರಡೋ ಮೂರೋ ಮೂಲೆಗಳನ್ನು ತೆರೆದಿಡಬೇಕು. ಅಲ್ಲಿಗೆ ಹುಲಿಯನ್ನು ಕರೆತರಲು ಒಂದು ಕುರಿಯನ್ನು ಅದರ ಬಾಯಿಗೆ ಕೊಡಬೇಕಾಗಬಹುದು. ಯಾವ ಕುರಿ, ಯಾವಾಗ, ಎಂಬ ನಿರ್ಧಾರ ಆಟದ ಅತ್ಯಂತ ಕಠಿಣ ಗಳಿಗೆ. ನನ್ನ ಮಟ್ಟಿಗೆ ಹುಲಿ–ಕುರಿ ನಿಜವಾದ ಯುದ್ಧದಾಟವಾಗುವುದು ಅಲ್ಲಿಂದ.

ಸಮಬಲದ ಆಟದ ಮುಂದೆ ಸಮವಯಸ್ಕರು ಕೂತರೆ ಏನಾಗಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಕಥೆಯಿದೆ. ತುಳುನಾಡಿನಲ್ಲಿ ಹಾಡುವ ಸಿರಿ ಪಾಡ್ದನವೆಂಬ ಕಥನಗೀತೆಯಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಬರುತ್ತಾರೆ. ಅವರಿಬ್ಬರು ಚೆನ್ನೆಮಣೆ ಆಡಲು ಕೂರುತ್ತಾರೆ. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕು ಬೀಜ, ಇಬ್ಬರಿಗೂ ಎಲ್ಲವೂ ಸರಿಸಮ. ಆಟ ಜಗಳವಾಗುತ್ತದೆ, ಒಬ್ಬಳು ಮಣೆಯನ್ನೆತ್ತಿ ಹೊಡೆಯುತ್ತಾಳೆ, ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕ ತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಕರಾವಳಿಯಲ್ಲಿ ಇಂದಿಗೂ ಇದೆ. ಆ ಪಾಡ್ದನಕ್ಕೆ ದೈವದ, ಕುಲದ, ಹೆಣ್ಣಿನ ಬದುಕಿನ ದೊಡ್ಡ ಅರ್ಥಗಳಿವೆ. ಅದನ್ನೆಲ್ಲ ಆಟದ ನಿಯಮಕ್ಕೆ ಇಳಿಸಿ ನೋಡುವುದು ಸರಿಯಲ್ಲ. ಆದರೂ ಒಬ್ಬ ಅಕ್ಕನ ಮುಂದೆ ಕೂತು ಬೆಳೆದವಳಾಗಿ, ಅವಳಿಗಳಿಗೆ ಸಮಬಲದ ಆಟ ಸಿಕ್ಕಿತು ಎಂಬ ವಿವರವನ್ನು ನಾನು ಸುಮ್ಮನೆ ದಾಟಿಹೋಗಲಾರೆ. ಇಬ್ಬರಲ್ಲಿ ಕಲಿಸುವವರು ಯಾರೂ ಇರಲಿಲ್ಲ.

ಚೌಕಾಬಾರದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ನಮ್ಮಲ್ಲಿ ಶಿವರಾತ್ರಿಯ ಜಾಗರಣೆಯ ಆಟ. ಮನೆಯವರೆಲ್ಲ ಕೂರುತ್ತಿದ್ದರು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ನಿಯಮ ಅದನ್ನೂ ಯುದ್ಧದಾಟದ ಸಾಲಿಗೆ ಸೇರಿಸುತ್ತದೆ. ಕವಡೆ ದೊಡ್ಡವರು ಚಿಕ್ಕವರೆಂದು ನೋಡುವುದಿಲ್ಲವಾದ್ದರಿಂದ ಅಲ್ಲಿ ಯಾರೂ ಯಾರಿಗೂ ಹೆಚ್ಚಾಗಿ ಕಲಿಸಬೇಕಾಗಿರಲಿಲ್ಲ.

ಚದುರಂಗ ಅಣ್ಣನ ಕ್ಷೇತ್ರ. ರಾಮನಾಥಪುರದ ಜಾತ್ರೆಯಲ್ಲಿ ಕೊಂಡ, ಮಡಿಸುವ ರಟ್ಟಿನ ಮಣೆ, ಪ್ಲಾಸ್ಟಿಕ್ ಕಾಯಿಗಳು. ಕರಿಯ ಕುದುರೆಯೊಂದರ ಕಿವಿ ಮುರಿದಿತ್ತು. ಇಲ್ಲಿ ಎರಡೂ ಪಡೆ ಸಮ, ಆದ್ದರಿಂದ ಕಲಿಸುವವನಿಗೆ ಕೆಲಸ ಹೆಚ್ಚು. ಅಣ್ಣ ಮೊದಲಿಗೆ ರಾಜ ಮತ್ತು ಎಂಟು ಕಾಲಾಳು ಮಾತ್ರ ಇಟ್ಟು ಆಡಿಸಿದ. ಎದುರಿನ ಅಂಚಿಗೆ ಒಂದು ಕಾಲಾಳನ್ನು ಮೊದಲು ತಲುಪಿಸಿದವರು ಗೆದ್ದಂತೆ. ಅದು ಹಳಸಿದ ಮೇಲೆ ಆನೆ ಬಂತು, ಆಮೇಲೆ ಒಂಟೆ, ಮಂತ್ರಿ, ಕೊನೆಗೆ ಕುದುರೆ. ಪೂರ್ತಿ ಪಡೆ ನಿಂತಾಗ ಅವನು ತನ್ನ ಮಂತ್ರಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಆಡುತ್ತಿದ್ದ. ಹುಲಿ–ಕುರಿಯಲ್ಲಿ ಆಟವೇ ಮಾಡಿಟ್ಟಿದ್ದ ಅಸಮತೆಯನ್ನು ಇಲ್ಲಿ ಅಣ್ಣ ಕೈಯಾರೆ ಮಾಡಬೇಕಾಯಿತು. ನಾನು ಬಲಿತಂತೆಲ್ಲ ಮಂತ್ರಿ ಮಣೆಗೆ ಮರಳಿ ಆನೆ ಜೇಬಿಗೆ ಹೋಯಿತು, ಆಮೇಲೆ ಕುದುರೆ, ಆಮೇಲೆ ಒಂದು ಕಾಲಾಳು. ಜೇಬು ಖಾಲಿಯಾದ ದಿನ ಅಣ್ಣ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದ.

ಕುದುರೆಯ ನಡೆ ನನ್ನ ತಲೆಗೆ ಹೋಗಲೆಂದು ಅವನು ಒಂದು ಕೆಲಸ ಕೊಟ್ಟ. ಖಾಲಿ ಮಣೆಯ ಮೇಲೆ ಒಂದೇ ಕುದುರೆ. ಅದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರಬೇಕು. ಮುಟ್ಟಿದ ಮನೆಗೆಲ್ಲ ಹುಣಸೆಬೀಜ ಇಡುತ್ತ ಹೋಗು ಎಂದ. ಈ ಕುದುರೆ ನಡಿಗೆಯ ಸಮಸ್ಯೆಯಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪಾರಂಗತರಾಗಿದ್ದರು. ಅಣ್ಣ ಶಾಲಾ ಪ್ರವಾಸದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿನ ಆಟದ ಅಂಕಣಗಳನ್ನು ನೋಡಿ ಬಂದಿದ್ದ. 1794ರಲ್ಲಿ ಹುಟ್ಟಿ 1799ರಲ್ಲಿ ಮಗುವಾಗಿದ್ದಾಗಲೇ ಪಟ್ಟಕ್ಕೆ ಬಂದ ದೊರೆ ಅವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ದಂಡು ನಡೆಸುವ ಅಧಿಕಾರವಿಲ್ಲದ ಆ ದೊರೆ 1868ರಲ್ಲಿ ತೀರಿಕೊಳ್ಳುವವರೆಗೆ ಸಾಹಿತ್ಯ, ಚಿತ್ರಕಲೆ, ಸಂಗೀತಗಳ ಜೊತೆಗೆ ಮಣೆಯ ಆಟಗಳಲ್ಲಿ ಅಪಾರವಾದ ಬುದ್ಧಿಶಕ್ತಿಯನ್ನು ತೊಡಗಿಸಿದರು. ಹೊಸ ಆಟಗಳನ್ನು ರೂಪಿಸಿದರು, ಇದ್ದವನ್ನು ವಿಸ್ತರಿಸಿದರು. ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಆಟಗಳಿಗೆಂದೇ ಒಂದು ನಿಧಿಯನ್ನು, ಅಂದರೆ ಒಂದು ಭಾಗವನ್ನು, ಮೀಸಲಿಟ್ಟರು. ಅವರಿಗಿಂತ ಏಳು ಶತಮಾನ ಹಿಂದೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ಚದುರಂಗವನ್ನು ಅರಸನ ವಿನೋದಗಳಲ್ಲಿ ಒಂದಾಗಿ ವಿವರಿಸಿದ್ದಾನೆ. ಈ ನೆಲದಲ್ಲಿ ಮಣೆಯಾಟಗಳಿಗೆ ಬರಹದ ಪರಂಪರೆಯೂ ಇದೆ ಎಂಬುದನ್ನು ಮಕ್ಕಳು ತಿಳಿಯಬೇಕು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ನಡೆಸುವ ಪ್ರದರ್ಶನಕ್ಕೆ ಅವಕಾಶ ಸಿಕ್ಕಾಗ ತಪ್ಪದೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಈ ಆಟಗಳ ಮಣೆ, ಹಾಸು, ಕಾಯಿಗಳನ್ನು ಕುಶಲಕರ್ಮಿಗಳು ಮಾಡಿರುವ ಸೊಗಸನ್ನು ಕಣ್ಣಾರೆ ನೋಡಬೇಕು.

ಈ ಕಾಲದ ಒಂದು ಉದಾಹರಣೆ. ಚೆನ್ನೈನ ವೈಶಾಲಿ ಮತ್ತು ಪ್ರಜ್ಞಾನಂದ ನಿಮಗೆಲ್ಲ ಗೊತ್ತು. ಅಕ್ಕ ಹುಟ್ಟಿದ್ದು 2001ರಲ್ಲಿ, ತಮ್ಮ 2005ರಲ್ಲಿ. ಅಕ್ಕ ಟಿವಿ ನೋಡುವುದು ಹೆಚ್ಚಾಯಿತೆಂದು ತಂದೆ ತಾಯಿ ಅವಳನ್ನು ಚದುರಂಗದ ತರಗತಿಗೆ ಸೇರಿಸಿದರು. ಅವಳನ್ನು ನೋಡಿ ತಮ್ಮನೂ ಮಣೆಯ ಮುಂದೆ ಬಂದ. ಇಂದು ಇಬ್ಬರೂ ಗ್ರ್ಯಾಂಡ್‌ಮಾಸ್ಟರ್‌ಗಳು. ಅಕ್ಕ ತಮ್ಮ ಇಬ್ಬರೂ ಆ ಪದವಿಗೇರಿದ್ದು ಜಗತ್ತಿನಲ್ಲೇ ಮೊದಲು. 2024ರಲ್ಲಿ ಟೊರಾಂಟೊದಲ್ಲಿ, ವಿಶ್ವ ಚಾಂಪಿಯನ್ನರ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಇಬ್ಬರೂ ಆಡಿದರು. ತರಬೇತುದಾರರ, ತಂದೆ ತಾಯಿಯರ ಶ್ರಮ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಹುಡುಗನ ಮನೆಯಲ್ಲಿ ಮಣೆಯನ್ನು ಮೊದಲು ಹರವಿಟ್ಟದ್ದು ಅಕ್ಕ.

ಈಗ ಸ್ವಲ್ಪ ದೂರ ಹೋಗೋಣ. ಚದುರಂಗ ಭಾರತದಿಂದ ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪನ್ನು ಸೇರಿತು. ಅಲ್ಲಿ ಅದನ್ನು ನಿಜವಾದ ಯುದ್ಧಕ್ಕೆ ಹತ್ತಿರ ತರಬೇಕೆಂಬ ಹಂಬಲ ಹುಟ್ಟಿತು. ಜರ್ಮನಿಯ ಬ್ರೌನ್‌ಷ್ವೈಗ್‌ನ ಹೆಲ್ವಿಗ್ ಎಂಬ ಗಣಿತಜ್ಞ 1780ರಲ್ಲಿ ಚದುರಂಗವನ್ನೇ ಆಧಾರವಾಗಿಟ್ಟುಕೊಂಡು, ಬೆಟ್ಟ, ನೀರು, ಕಟ್ಟಡಗಳಿಗೆ ಬೇರೆ ಬೇರೆ ಬಣ್ಣದ ಮನೆಗಳಿರುವ ದೊಡ್ಡ ಮಣೆಯೊಂದನ್ನು ಪ್ರಕಟಿಸಿದ. 1812ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ಯುದ್ಧದಾಟದ ಮೇಜನ್ನು ದೊರೆಗೆ ಒಪ್ಪಿಸಿದ. ಅರಮನೆಯಲ್ಲಿ ರಾಜಕುಮಾರರಾದ ಅಣ್ಣತಮ್ಮಂದಿರು ಅದನ್ನು ಆಡಿದರು. 1824ರಲ್ಲಿ ರೈಸ್‌ವಿಟ್ಸ್‌ನ ಮಗ, ಸೇನೆಯ ಅಧಿಕಾರಿ, ಅದನ್ನು ನಿಜವಾದ ಭೂಪಟಗಳ ಮೇಲೆ ಆಡುವಂತೆ ತಿದ್ದಿದಾಗ, ಸೇನೆಯ ಮುಖ್ಯಸ್ಥನಿಗೆ ಅದನ್ನು ತೋರಿಸಲು ದಾರಿ ಮಾಡಿಕೊಟ್ಟವನು ಆ ರಾಜಕುಮಾರರಲ್ಲಿ ಕಿರಿಯವನಾದ ವಿಲ್ಹೆಲ್ಮ್. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಆಡಿದ ಆಟವನ್ನು ದೊಡ್ಡವನಾದ ಮೇಲೆ ಆತ ಮರೆತಿರಲಿಲ್ಲ.

ಮಕ್ಕಳೂ ಹವ್ಯಾಸಿಗಳೂ ಮನೆಯಲ್ಲಿ ಆಡುವ ಯುದ್ಧದಾಟ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದದ್ದು ಅಮೆರಿಕದಲ್ಲಿ. ಚಾರ್ಲ್ಸ್ ರಾಬರ್ಟ್ಸ್ ಎಂಬವರು 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದರು. ಅವರು ಬಾಲ್ಟಿಮೋರ್‌ನಲ್ಲಿ ಕಟ್ಟಿದ ಅವಲಾನ್ ಹಿಲ್ ಕಂಪನಿ 1958ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದ ಆಟವನ್ನು ಪ್ರಕಟಿಸಿತು. 1961ರಿಂದ ಚೌಕಗಳ ಬದಲು ಷಟ್ಕೋನಗಳ ಭೂಪಟ ಬಂತು. ಆ ಆಟಗಳಲ್ಲಿ ಒಂದನ್ನು, ಎರಡನೆಯ ಮಹಾಯುದ್ಧದ ಉತ್ತರ ಆಫ್ರಿಕಾ ಕಾಳಗವನ್ನು ಆಡಿಸುವ 1964ರ ‘ಆಫ್ರಿಕಾ ಕೋರ್’ ಅನ್ನು, ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ್ದ ಅಣ್ಣ ರಜೆಗೆ ಬಂದಾಗ ಚೀಲದಲ್ಲಿ ಹೊತ್ತು ತಂದ. ಅಷ್ಟರಲ್ಲಿ ನಾನು ಕಾಲೇಜಿನಲ್ಲಿದ್ದೆ, ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಣ್ಣ ನಡುಮನೆಯಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯನ್ನು ಹಾಸಿದ. ರಟ್ಟಿನ ಪುಟ್ಟ ಚೌಕಗಳೇ ಸೈನ್ಯ. ಒಂದೊಂದರ ಮೇಲೂ ಅದರ ಹೊಡೆಯುವ ಬಲ, ನಡೆಯುವ ದೂರ ಅಂಕಿಯಲ್ಲಿ ಅಚ್ಚಾಗಿದ್ದವು. ಹೊಡೆಯುವವರ ಬಲವನ್ನು ತಡೆಯುವವರ ಬಲದಿಂದ ಭಾಗಿಸಿ, ದಾಳ ಎಸೆದು, ಒಂದು ಪಟ್ಟಿಯಲ್ಲಿ ಫಲ ನೋಡಬೇಕು.

ನಾನು ನೇರವಾಗಿ ಟೊಬ್ರುಕ್ ಕೋಟೆಯ ಕಡೆ ಪಡೆ ನುಗ್ಗಿಸಲು ಹೊರಟೆ. ಅಣ್ಣ ತಡೆದು, ‘ಮೊದಲು ಊಟ ಎಲ್ಲಿದೆ ನೋಡು’ ಎಂದ. ಆ ಆಟದಲ್ಲಿ ಸಾಮಗ್ರಿಗೂ ಒಂದು ಕಾಯಿ ಉಂಟು. ಅದು ಹತ್ತಿರವಿಲ್ಲದೆ ದಾಳಿ ಮಾಡುವಂತಿಲ್ಲ, ದಾಳಿ ಮಾಡಿದರೆ ಅದು ಖರ್ಚಾಗುತ್ತದೆ. ಜರ್ಮನರಿಗೆ ಸಮುದ್ರದಾಚೆಯಿಂದ ಸಾಮಗ್ರಿ ಬರುತ್ತದೋ ಇಲ್ಲವೋ ಎಂಬುದನ್ನು ದಾಳವೇ ಹೇಳಬೇಕು. ಹುಲಿ–ಕುರಿಯಲ್ಲಾಗಲಿ ಚದುರಂಗದಲ್ಲಾಗಲಿ ಇಲ್ಲದ ಸಂಗತಿ ಇದು. ಯುದ್ಧವೆಂದರೆ ಬಂಡಿಗಳ, ದಾರಿಗಳ, ಬಂದರುಗಳ ಲೆಕ್ಕ ಎಂಬುದನ್ನು ನನಗೆ ಮೊದಲು ಮನಗಾಣಿಸಿದ್ದು ಅಣ್ಣನ ಆ ಮಾತು. ಇನ್ನೊಂದು ಸಂಗತಿ ನನ್ನನ್ನು ಸೆಳೆಯಿತು. ಇಲ್ಲಿ ಒಂದು ಪಡೆ ತನ್ನ ಸುತ್ತಲಿನ ಆರು ಮನೆಗಳ ಮೇಲೂ ಹಿಡಿತ ಇಟ್ಟಿರುತ್ತದೆ. ಶತ್ರು ಅಲ್ಲಿಗೆ ಬಂದರೆ ನಿಲ್ಲಲೇಬೇಕು. ಹಾಗಾಗಿ ನಡುವೆ ಎರಡೆರಡು ಮನೆ ಖಾಲಿ ಬಿಟ್ಟು ನಿಂತರೂ ಬೇಲಿ ಬಿಗಿಯಾಗಿರುತ್ತದೆ. ಕುರಿಗಳಿಗೆ ಆ ಭಾಗ್ಯವಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಇರದಿದ್ದರೆ ಸಾಲು ಉಳಿಯುವುದಿಲ್ಲ. ಇಷ್ಟನ್ನು ನಾನು ಹೇಳಿದಾಗ ಅಣ್ಣ ಅಕ್ಕನ ಕಡೆ ನೋಡಿ, ‘ನೀನು ಚೆನ್ನಾಗಿ ಕಲಿಸಿದ್ದೀಯ’ ಎಂದ.

ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. ಅಣ್ಣ ದಾಳ ಎಸೆದು ಒಂದು ರಟ್ಟಿನ ಚೂರನ್ನು ಭೂಪಟದಿಂದ ತೆಗೆದಿಟ್ಟಾಗ, ‘ಅದರಲ್ಲಿ ಎಷ್ಟು ಜನ?’ ಎಂದು ಕೇಳಿದಳು. ಒಂದು ಬ್ರಿಗೇಡ್, ಮೂರು ನಾಲ್ಕು ಸಾವಿರ ಜನ ಇರಬಹುದು, ಎಂದ ಅಣ್ಣ. ಆ ಮರುಭೂಮಿಯಲ್ಲಿ ಬ್ರಿಟಿಷರ ಪರವಾಗಿ ನಾಲ್ಕನೆಯ ಭಾರತೀಯ ಡಿವಿಷನ್ ಹೋರಾಡಿತ್ತು ಎಂಬುದನ್ನೂ ಹೇಳಿದ. ಅಕ್ಕ ಸ್ವಲ್ಪ ಹೊತ್ತು ಆ ಚೂರನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ‘ಆಡಿ, ಆದರೆ ತೆಗೆದಿಡುವಾಗ ಎಸೆಯಬೇಡಿ’ ಎಂದಳು. ಆಮೇಲೆ ನಮ್ಮ ಮನೆಯಲ್ಲಿ ಯಾವ ಯುದ್ಧದಾಟದಲ್ಲೂ ಸತ್ತ ಕಾಯಿಯನ್ನು ಎಸೆಯುವ ರೂಢಿ ಬೆಳೆಯಲಿಲ್ಲ. ಇಂಥ ಆಟಗಳು ಮಕ್ಕಳಲ್ಲಿ ಹಿಂಸೆಯನ್ನು ಬೆಳೆಸುವುದಿಲ್ಲವೇ ಎಂದು ಪೋಷಕರು ಕೇಳುತ್ತಾರೆ. ಪಕ್ಕದಲ್ಲಿ ಕೂತು ‘ಎಷ್ಟು ಜನ?’ ಎಂದು ಕೇಳುವ ಅಕ್ಕ ಇದ್ದರೆ ಬೆಳೆಸುವುದಿಲ್ಲ. ಆ ಪ್ರಶ್ನೆಯನ್ನು ನಿಯಮಪುಸ್ತಕ ಕೇಳುವುದಿಲ್ಲ, ಮೊಬೈಲ್ ಕೇಳುವುದಿಲ್ಲ.

ಈಗ ನಿಮ್ಮಲ್ಲಿ ಬಹಳ ಮಕ್ಕಳ ಮನೆಯಲ್ಲಿ ಅಕ್ಕನೂ ಇಲ್ಲ, ಅಣ್ಣನೂ ಇಲ್ಲ. ಒಬ್ಬರೇ ಮಗು, ಬೇರೆ ಊರಿನಲ್ಲಿರುವ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಹದಿನೈದು ದಿನಕ್ಕಿಳಿದ ರಜೆ. ಮೊಬೈಲ್‌ನಲ್ಲಿ ಹುಲಿ–ಕುರಿಯೂ ಇದೆ, ಚದುರಂಗವೂ ಇದೆ. ಅಲ್ಲಿ ಯಂತ್ರ ನಿಮ್ಮ ಮಟ್ಟಕ್ಕೆ ತಕ್ಕಂತೆ ಆಡುತ್ತದೆ. ಒಂದು ಕುರಿಯನ್ನು ನಿಮಗೆ ಕಾಣುವಂತೆ ಪಕ್ಕಕ್ಕಿಟ್ಟು ‘ಈ ಸಲ ಹದಿನಾಲ್ಕೇ’ ಎನ್ನುವುದಿಲ್ಲ. ಕಲಿಯುವವರು ಇಷ್ಟು ಕಳೆದುಕೊಳ್ಳುತ್ತಾರೆ. ಕಲಿಸುವ ವಯಸ್ಸಿನವರ ನಷ್ಟ ಇನ್ನೂ ದೊಡ್ಡದು. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರಿಗೆ, ತನಗಿಂತ ಚಿಕ್ಕವರೊಬ್ಬರು ತನ್ನಿಂದಾಗಿ ಜಾಣರಾಗುತ್ತಿದ್ದಾರೆ ಎಂಬ ಅನುಭವ ಸಿಗುವ ಜಾಗಗಳೇ ಈಗ ಕಡಿಮೆ.

ಮನೆಯಲ್ಲಿ ಸಿಗದಿದ್ದರೆ ಊರಿನಲ್ಲಿ ಸಿಗುವಂತೆ ಮಾಡಬೇಕು. ಶಾಲೆಯಲ್ಲಿ ವಯಸ್ಸಿಗೆ ತಕ್ಕಂತೆ ತರಗತಿಗಳನ್ನು ಬೇರೆ ಮಾಡುತ್ತೇವೆ, ಆಟದ ಸ್ಪರ್ಧೆಗಳಲ್ಲೂ ಹಾಗೆಯೇ. ಮಣೆಯಾಟಗಳಲ್ಲಾದರೂ ಆ ಗೋಡೆಯನ್ನು ತೆಗೆಯೋಣ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು, ಅಂದರೆ ಈಗಿನ ಅರಿವು ಕೇಂದ್ರಗಳು, ಇದಕ್ಕೆ ಬಹಳ ತಕ್ಕ ಜಾಗ. ಖರ್ಚೇನೂ ಇಲ್ಲ. ನೆಲಕ್ಕೆ ಬಣ್ಣದಲ್ಲಿ ಒಂದು ಅಂಕಣ, ಒಂದು ಡಬ್ಬಿ ಹುಣಸೆಬೀಜ, ಶನಿವಾರ ಮಧ್ಯಾಹ್ನ ಎರಡು ಗಂಟೆಯ ಬಿಡುವು. ಸ್ಪರ್ಧೆ ಬೇಡ, ಬಹುಮಾನ ಬೇಡ. ಒಂದೇ ನಿಯಮ ಸಾಕು: ಎದುರುಬದುರು ಕೂರುವವರ ನಡುವೆ ಕನಿಷ್ಠ ನಾಲ್ಕು ವರ್ಷದ ಅಂತರವಿರಬೇಕು. ನಮ್ಮ ಶಾಲೆಯಲ್ಲಿ ನಾನು ಇದನ್ನು ನಡೆಸಿದ್ದೇನೆ. ಪಾಠದಲ್ಲಿ ಹಿಂದೆ ಬಿದ್ದಿದ್ದ ಒಬ್ಬ ಒಂಬತ್ತನೆಯ ತರಗತಿಯ ಹುಡುಗ ಮೂರನೆಯ ತರಗತಿಯ ಮಗುವಿಗೆ ಆ ಆರು ಮನೆಗಳನ್ನು ತೋರಿಸುವಾಗ ಉತ್ತರವನ್ನು ತಾನೇ ಹೇಳಿಬಿಡದೆ ಕಾಯುತ್ತಿದ್ದ. ಕಾಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಾತು ಇಲ್ಲಿಗೆ ಸಾಕು. ಹೊರಗೆ ಪಡಸಾಲೆಯಲ್ಲಿ ಹನ್ನೆರಡು ಅಂಕಣ ಬರೆಯಲು ಜಾಗವಿದೆ, ಸೀಮೆಸುಣ್ಣ ಮೇಜಿನ ಮೇಲಿದೆ. ಎಂಟನೆಯ ತರಗತಿಗಿಂತ ಮೇಲಿನವರು ಒಬ್ಬೊಬ್ಬರು ಒಬ್ಬ ಚಿಕ್ಕವರನ್ನು ಕರೆದುಕೊಂಡು ಹೋಗಿ. ಅಂಕಣವನ್ನು ಚಿಕ್ಕವರ ಕೈಯಿಂದಲೇ ಬರೆಸಿ, ಸೊಟ್ಟಗಾದರೂ ಪರವಾಗಿಲ್ಲ. ಹುಲಿಗಳನ್ನು ಅವರಿಗೆ ಕೊಟ್ಟು ಕುರಿಗಳನ್ನು ನೀವು ಇಟ್ಟುಕೊಳ್ಳಿ. ಬೇಕೆಂದು ಸೋಲಬೇಡಿ. ಪೋಷಕರು ದಯವಿಟ್ಟು ದೂರ ನಿಂತು ನೋಡಿ, ನಡೆ ಹೇಳಿಕೊಡಬೇಡಿ. ಊಟಕ್ಕೆ ಒಂದೂವರೆ ಗಂಟೆಗೆ ಕರೆಯುತ್ತೇವೆ.